‘ಸ್ಟೇಡ್’ ಎಂಬ ಗುಣವಾಚಕ: ಅರ್ಥಚರಿತ್ರೆ ಮತ್ತು ಕನ್ನಡದ ‘ಗಂಭೀರ’

ಇಂಗ್ಲಿಷಿನಲ್ಲಿ ‘ಸ್ಟೇಡ್’ ಎಂಬ ಗುಣವಾಚಕವೊಂದಿದೆ. ಚಾಪಲ್ಯವಿಲ್ಲದ, ಉದ್ವೇಗಕ್ಕೆ ಒಳಗಾಗದ, ನಡೆನುಡಿಗಳಲ್ಲಿ ಹಿಡಿತವುಳ್ಳ ವ್ಯಕ್ತಿಗೆ ಅದು ಸಲ್ಲುತ್ತದೆ. ಕನ್ನಡದಲ್ಲಿ ಇದಕ್ಕೆ ‘ಗಂಭೀರ’ ಎಂದು ಬರೆಯುವುದು ವಾಡಿಕೆ. ಆದರೆ ಮನುಷ್ಯನೊಬ್ಬನ ಶೀಲವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗ ಈ ವಾಡಿಕೆಯಿಂದ ಅವನಿಗೆ ನ್ಯಾಯ ಸಲ್ಲುವುದೇ ಎಂಬುದು ವಿಚಾರಾರ್ಹ.

‘ಸ್ಟೇಡ್’ ಪದವು 16ನೆಯ ಶತಮಾನದಲ್ಲಿ ‘ನಿಲ್ಲು’ ಎಂಬ ಅರ್ಥದ ಕ್ರಿಯಾಪದದ ಭೂತಕೃದಂತದಿಂದ ಹುಟ್ಟಿತು. ‘ನೆಲೆನಿಂತ’ ಎಂಬುದೇ ಅದರ ಮೂಲಾರ್ಥ. ಅದರ ನೆರೆಯ ಪದಗಳ ಮೂಲ ಬೇರೆ: ‘ಸೆಡೇಟ್’ ಲ್ಯಾಟಿನ್ನಿನ ‘ಶಮನಗೊಂಡ’ ಎಂಬರ್ಥದ ಪದದಿಂದಲೂ ‘ಸೋಬರ್’ ಅದೇ ಭಾಷೆಯ ‘ಮದ್ಯದ ಅಮಲಿಲ್ಲದ’ ಎಂಬರ್ಥದ ಪದದಿಂದಲೂ ಬಂದಿವೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಗಂಭೀರ’ಕ್ಕೆ ‘ಆಳವಾದ’ ಎಂಬುದು ಮೂಲಾರ್ಥ. ಒಂದು ನಿಲುಗಡೆಯನ್ನೂ ಇನ್ನೊಂದು ಆಳವನ್ನೂ ಸೂಚಿಸುತ್ತದೆ.

ಭಾರತೀಯ ಕಾವ್ಯಮೀಮಾಂಸೆ ಈ ಭೇದವನ್ನು ಗುರುತಿಸಿತ್ತು. 10ನೆಯ ಶತಮಾನದ ಧನಂಜಯನ ‘ದಶರೂಪಕ’ವು ಧೀರೋದಾತ್ತ ನಾಯಕನ ಲಕ್ಷಣಗಳಲ್ಲಿ ಅತಿಗಾಂಭೀರ್ಯವನ್ನೂ ಸ್ಥಿರತೆಯನ್ನೂ ಪ್ರತ್ಯೇಕವಾಗಿ ಎಣಿಸುತ್ತದೆ. ‘ಮೃಚ್ಛಕಟಿಕ’ದ ಚಾರುದತ್ತನಂತಹ ಧೀರಪ್ರಶಾಂತ ನಾಯಕನನ್ನು ಅದು ಬೇರೆಯೇ ವರ್ಗಕ್ಕೆ ಸೇರಿಸುತ್ತದೆ.

ಇಂಗ್ಲಿಷ್ ಪದಗಳನ್ನು ಕನ್ನಡದ ತಕ್ಕಡಿಯಲ್ಲಿ ತೂಗಿದ ವಿದ್ವಾಂಸರಲ್ಲಿ ಮಂಡ್ಯ ಸೀಮೆಯವರ ಪಾಲು ದೊಡ್ಡದು. ‘ಇಂಗ್ಲಿಷ್ ಗೀತಗಳು’ ಕೃತಿಯ ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಶೀಳನೆರೆಯಂತೆಯೇ ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅಕ್ಕಿಹೆಬ್ಬಾಳು, 1900ರಲ್ಲಿ ಜನಿಸಿದ ಪ್ರಬಂಧಕಾರ ಎ.ಎನ್. ಮೂರ್ತಿರಾಯರ ಹುಟ್ಟೂರು. ಇಬ್ಬರೂ ಇಂಗ್ಲಿಷ್ ಅಧ್ಯಾಪಕರು. ಇದೇ ಜಿಲ್ಲೆಯ ಕೈಗೋನಹಳ್ಳಿಯಲ್ಲಿ 1913ರಲ್ಲಿ ಜನಿಸಿದ ಜಿ. ವೆಂಕಟಸುಬ್ಬಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ಉತ್ತರಿಸಿದರು. ಅವರು 2021ರಲ್ಲಿ ನಿಧನರಾದರು.

ಇಂಗ್ಲಿಷ್-ಕನ್ನಡ ನಿಘಂಟುಗಳ ಪರಂಪರೆ ವಿಲಿಯಂ ರೀವ್ ಅವರ 1824ರ ಕೋಶದಿಂದ ಮೈಸೂರು ವಿಶ್ವವಿದ್ಯಾನಿಲಯದ 1946ರ ನಿಘಂಟಿನವರೆಗೆ ಬೆಳೆಯಿತು. ಈ ದೀರ್ಘ ಸಂಪರ್ಕದಲ್ಲಿ ಎರಡೂ ಪದಗಳು ಸ್ಥಾನಪಲ್ಲಟ ಹೊಂದಿವೆ. ‘ಸ್ಟೇಡ್’ ಇಂದು ಬಹುಮಟ್ಟಿಗೆ ಹೊಸತನವಿಲ್ಲದ, ನೀರಸ ಎಂಬ ಕಿರುನಿಂದೆಯನ್ನು ಹೊತ್ತಿದೆ. ಇತ್ತ ಪತ್ರಿಕೆಗಳಲ್ಲಿ ‘ಗಂಭೀರ ಗಾಯ’, ‘ಗಂಭೀರ ಸ್ಥಿತಿ’ ಎಂಬ ಪ್ರಯೋಗಗಳು ನೆಲೆಗೊಂಡು, ಗುಣವಾಚಿಯಾಗಿದ್ದ ಪದ ಅಪಾಯವಾಚಿಯೂ ಆಗಿದೆ.

ಆದ್ದರಿಂದ ‘ಸ್ಟೇಡ್’ ಎನಿಸಿಕೊಂಡ ವ್ಯಕ್ತಿಯನ್ನು ಸಂದರ್ಭ ನೋಡದೆ ‘ಗಂಭೀರ ವ್ಯಕ್ತಿ’ ಎಂದರೆ ನಿಂದೆಯು ಸ್ತುತಿಯಾಗಿ ಮಾರ್ಪಡುವ ಸಂಭವವಿದೆ. ಪ್ರಶಂಸೆಯ ಸಂದರ್ಭದಲ್ಲಿ ‘ತೂಕದ ಮನುಷ್ಯ’ ಎಂಬ ಆಡುಮಾತೂ, ನಿಂದೆಯ ಛಾಯೆಯಿದ್ದಲ್ಲಿ ‘ಬಿಗುಮಾನದ’ ಅಥವಾ ‘ಸಪ್ಪೆಯಾದ’ ಎಂಬ ಪದವೂ ಹೆಚ್ಚು ಹೊಂದುತ್ತದೆ. ‘ತುಂಬಿದ ಕೊಡ ತುಳುಕುವುದಿಲ್ಲ’ ಎನ್ನುವ ನಾಡಿನಲ್ಲಿ ತುಳುಕದಿರುವುದು ತುಂಬಿರುವುದರ ಫಲ. ಕೇವಲ ನಿಂತಿರುವುದನ್ನು ಕನ್ನಡವು ಗುಣವೆಂದು ಎಣಿಸದು. ಈ ಅಂತರವನ್ನು ಅರಿತ ಅನುವಾದವೇ ವ್ಯಕ್ತಿಯ ಶೀಲಕ್ಕೆ ನ್ಯಾಯ ಸಲ್ಲಿಸಬಲ್ಲದು.