ಹತ್ತಿರದ ವಿಶ್ವವಿದ್ಯಾಲಯ, ದೂರದ ಪಿಎಚ್‌.ಡಿ

ವೀಕ್ಷಕರೇ, ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಬರೋ ಮಲಪ್ರಭೆಯ ನೀರು ಶುದ್ಧವಾಗೋದು ಎಲ್ಲಿ ಗೊತ್ತಾ? ಸವದತ್ತಿ ರಸ್ತೆಯ ಅಮ್ಮಿನಬಾವಿಯಲ್ಲಿ. ಆ ಊರಲ್ಲಿ ಹಳೆಯ ಬಸದಿ ಇದೆ, ಶಾಸನಗಳಿವೆ. ಅದೇ ಊರಿನ ಹುಡುಗಿಯೊಬ್ಬಳು ಆ ಶಾಸನಗಳ ಮೇಲೇ ಪಿಎಚ್‌.ಡಿ ಮಾಡ್ತೀನಿ ಅಂತ ಅರ್ಜಿ ಹಿಡಿದು ಹೊರಟಳು ಅಂತಿಟ್ಟುಕೊಳ್ಳಿ. ಅವಳ ದಾರಿ ಎಷ್ಟು ಉದ್ದ?

ಮೊದಲು ಇತಿಹಾಸ ನೋಡೋಣ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಆದರೆ ಪದವಿ ಕೊಡುತ್ತಿದ್ದುದು ಮುಂಬೈ ವಿಶ್ವವಿದ್ಯಾಲಯ. ಶಿ.ಚೆ. ನಂದೀಮಠರು ವೀರಶೈವದ ಬಗ್ಗೆ ಡಾಕ್ಟರೇಟ್ ಮಾಡಿದ್ದು ಎಲ್ಲಿ? ಲಂಡನ್ನಿನಲ್ಲಿ! ವಿಷಯ ನಮ್ಮ ನೆಲದ್ದು, ಪದವಿ ಸಮುದ್ರದಾಚೆಯದು. 1939ರಲ್ಲಿ ಧಾರವಾಡಕ್ಕೆ ಕನ್ನಡ ಸಂಶೋಧನ ಸಂಸ್ಥೆ ಬಂತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ಅದೂ ಮೊದಲು ಕೆಲಸ ಶುರುಮಾಡಿದ್ದು ಮುಂಬೈಯಲ್ಲೇ, ಮರುವರ್ಷ ಧಾರವಾಡಕ್ಕೆ ಬಂತು. ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆಗಿದ್ದ ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಕುಲಪತಿಯಾಗಿ ಅದನ್ನ ಕಟ್ಟಿ ನಿಲ್ಲಿಸಿದರು. 1968ರಲ್ಲಿ ಅಲ್ಲೇ ಪಿಎಚ್‌.ಡಿ ಪಡೆದವರು ಎಂ.ಎಂ. ಕಲಬುರ್ಗಿ. ಸಿಂದಗಿ ತಾಲ್ಲೂಕಿನ ಹಳ್ಳಿಯವರು, ಮುಂದೆ ಶಾಸನ ಸಂಶೋಧನೆಯಲ್ಲಿ ದೊಡ್ಡ ಹೆಸರಾದರು. ಲಂಡನ್ ಬೇಕಾಗಲಿಲ್ಲ.

ಅಂದ್ರೆ ದೂರದ ಸಮಸ್ಯೆಯನ್ನ ಹಿರಿಯರು ಬಗೆಹರಿಸಿ ಹೋದರು. ಅಮ್ಮಿನಬಾವಿಯಿಂದ ಬಸ್ ಹತ್ತಿದ್ರೆ ವಿಶ್ವವಿದ್ಯಾಲಯ. ಹಾಗಾದ್ರೆ ಬಾಗಿಲು ತೆರೆದಿದೆಯಾ?

ಯುಜಿಸಿಯ 2022ರ ನಿಯಮ ಓದಿ. ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ 8 ಜನರಿಗೆ, ಸಹ ಪ್ರಾಧ್ಯಾಪಕರು 6 ಜನರಿಗೆ, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನ ತೆಗೆದುಕೊಳ್ಳುವಂತೆಯೇ ಇಲ್ಲ. ನಿಯಮ ತಪ್ಪಲ್ಲ. ಮಾರ್ಗದರ್ಶನ ಸರಿಯಾಗಿ ಸಿಗಬೇಕಲ್ವಾ? ಆದರೆ ಲೆಕ್ಕ ಹಾಕಿ. ಒಬ್ಬ ಪ್ರೊಫೆಸರ್ ಕುರ್ಚಿ ಬಿಡೋ ಮೂರು ವರ್ಷ ಮೊದಲೇ ಅವರ ಹೊಸ ಸೀಟು ಬಂದ್. ಕುರ್ಚಿ ಖಾಲಿಯಾದ ಮೇಲೆ ಸರ್ಕಾರ ನೇಮಕಾತಿ ಮಾಡದಿದ್ರೆ? ಎಂಟು ಸೀಟಿನ ಅವಕಾಶವೇ ಮಾಯ. ಹುಡುಗಿ ನೆಟ್ ಪಾಸಾಗಿರಬಹುದು, ಜೆಆರ್‌ಎಫ್ ಗೆದ್ದು ತಿಂಗಳಿಗೆ 37,000 ರೂಪಾಯಿಯ ಫೆಲೋಶಿಪ್‌ಗೂ ಅರ್ಹಳಾಗಿರಬಹುದು. ಗೈಡ್ ಇಲ್ಲ ಅಂದ್ರೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಆ ದುಡ್ಡೂ ಕೈಗೆ ಬರಲ್ಲ.

ಅರ್ಜಿ ಹಾಕೋ ಮಕ್ಕಳಿಗೆ ನನ್ನದೊಂದು ಮಾತು. ಶುಲ್ಕ ಕಟ್ಟೋ ಮೊದಲು ನಿಮ್ಮ ವಿಷಯದಲ್ಲಿ ಯಾವ ಗೈಡ್ ಹತ್ತಿರ ಎಷ್ಟು ಸೀಟು ಖಾಲಿ ಇದೆ, ವಿಭಾಗಕ್ಕೆ ಹೋಗಿ ಕೇಳಿ. ಅದು ನಿಮ್ಮ ಹಕ್ಕು.

ಸರ್ಕಾರಕ್ಕೆ ನಾನು ಹೇಳೋದೂ ಇಷ್ಟೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿರೋ ಹುದ್ದೆಗಳನ್ನ ಉಳಿತಾಯ ಅಂದುಕೊಳ್ಳಬೇಡಿ. ಹೊಸ ಕಟ್ಟಡದ ಉದ್ಘಾಟನೆ ಆಮೇಲೆ ಇಟ್ಟುಕೊಳ್ಳಿ. ಮೊದಲು ಆ ಕುರ್ಚಿಗಳನ್ನ ತುಂಬಿ.