ಬಚ್ಚಲ ಹಂಡೆ ತಾರಸಿ ಏರಿದ್ದು

ನಾನು ನಲ್ಲಿ ಕೆಲಸದವನು. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಒಂದು ಮನೆಯ ವಯಸ್ಸು ಎಷ್ಟೆಂದು ಯಾರಾದರೂ ಕೇಳಿದರೆ ಮುಂಬಾಗಿಲ ಕೆತ್ತನೆ ನೋಡುವುದಿಲ್ಲ, ನೇರ ಬಚ್ಚಲಿಗೆ ಹೋಗುತ್ತೇನೆ. 1898ರ ಪ್ಲೇಗಿನ ಸುಮಾರಿಗೆ ಎದ್ದ ಬಸವನಗುಡಿ, ಮಲ್ಲೇಶ್ವರಗಳ ಮೊದಮೊದಲ ಮನೆಗಳಲ್ಲಿ ಬಚ್ಚಲು ಹಿತ್ತಿಲ ಕಡೆಗಿರುತ್ತಿತ್ತು. ಒಳಗೆ ಕಟ್ಟೆಯಲ್ಲಿ ಹೂತ ತಾಮ್ರದ ಹಂಡೆ. ಒಲೆಯ ಬಾಯಿ ಗೋಡೆಯಾಚೆ, ಹಿತ್ತಿಲಿಗೆ. ಹೊಗೆ ಒಳಗೆ ಬರಬಾರದು, ಸೌದೆ ಒಳಗೆ ಹೊತ್ತು ತರಬಾರದು ಎಂಬ ಲೆಕ್ಕ. ಎಷ್ಟೋ ಮನೆಗಳಲ್ಲಿ ಹಂಡೆ ಹೋಗಿದೆ, ಒಲೆಯ ಬಾಯಿಗೆ ಇಟ್ಟಿಗೆ ಮುಚ್ಚಿ ಗಾರೆ ಮಾಡಿದ್ದಾರೆ. ಆದರೂ ಗೋಡೆಯ ಆ ಜಾಗಕ್ಕೆ ಉಳಿ ಹಾಕಿದರೆ ಇವತ್ತಿಗೂ ಮಸಿ ಉದುರುತ್ತದೆ.

ಆ ಹಂಡೆ ಒಮ್ಮೆ ಕಾದರೆ ಮನೆಮಂದಿಯ ಸ್ನಾನವೆಲ್ಲ ಮುಗಿಯುತ್ತಿತ್ತು. ಮುಂಜಾನೆ ಉರಿ ಹಾಕಿದರೆ ಅಜ್ಜನಿಂದ ಮೊಮ್ಮಗನವರೆಗೆ ಸರದಿ. ತೆಗೆದಷ್ಟು ತಣ್ಣೀರು ಮತ್ತೆ ಸುರಿಯಬೇಕು, ಇಲ್ಲದಿದ್ದರೆ ಕೊನೆಯವರಿಗೆ ಬೈಗುಳ. ಉರುವಲಿಗೆ ಸೌದೆ ಡಿಪೋ. ಊರಿನ ಸುತ್ತಮುತ್ತ ಬೆಳೆಸಿದ ಸರ್ವೆ ಮರ ಸೀಳಿ ತೂಕಕ್ಕೆ ಮಾರುತ್ತಿದ್ದರು. ಅದು ದುಬಾರಿಯೆಂದವರು ಸಾಮಿಲ್ಲಿನಿಂದ ಮರದ ಹೊಟ್ಟು ತರುತ್ತಿದ್ದರು, ತೆಂಗಿನ ಗರಿ, ಕರಟ ಕೂಡಿಡುತ್ತಿದ್ದರು. ನಡುವೆ ಕೊಳವೆ ಇಟ್ಟು ಕೆಂಡ ಹಾಕುವ ತಾಮ್ರದ ಬಾಯ್ಲರ್ ಬಂದದ್ದೂ ಉರುವಲು ಉಳಿಸುವುದಕ್ಕೇ. ಹಿಂದಿನವರಿಗೆ ಪರಿಸರದ ಮಾತು ಗೊತ್ತಿರಲಿಲ್ಲ, ಉರುವಲಿನ ದರ ಚೆನ್ನಾಗಿ ಗೊತ್ತಿತ್ತು. ಬಿಸಿನೀರಿನ ಚರಿತ್ರೆಯೆಲ್ಲ ಆ ದರದ ಬೆನ್ನು ಹಿಡಿದೇ ನಡೆದಿದೆ ಎನ್ನುವುದು ನನ್ನ ತೀರ್ಮಾನ.

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಬಚ್ಚಲಿಗೆ ಮಾತ್ರ ಅದು ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಅರವತ್ತರ ದಶಕದಲ್ಲಿ ಶರಾವತಿಯ ವಿದ್ಯುತ್ ಹರಿದಾಗ ವಿದ್ಯುತ್ ಮಂಡಳಿಯವರೇ ಬಳಸಿ ಬಳಸಿ ಎನ್ನುವಂತಿದ್ದರು. ಅಡುಗೆಗೂ ಸ್ನಾನಕ್ಕೂ ಕರೆಂಟನ್ನೇ ನೆಚ್ಚಿದ ಮನೆಗೆ ಎ.ಇ.ಎಚ್. (ಆಲ್ ಎಲೆಕ್ಟ್ರಿಕ್ ಹೋಮ್) ಸಂಪರ್ಕ. ದೀಪಕ್ಕೊಂದು, ಹೀಟಿಂಗಿಗೊಂದು ಎಂದು ಎರಡು ಮೀಟರು ಇದ್ದ ಹಲಗೆಗಳನ್ನು ನಾನೇ ಕಂಡಿದ್ದೇನೆ. ಗೀಸರ್ ಬಂತು, ಒಲೆ ಆರಿತು, ಒಬ್ಬೊಬ್ಬರಾಗಿ ಮಿಂದು ಹೋಗುವ ಕಾಲ ಶುರುವಾಯಿತು.

ಆದರೆ ಆಗ ರಾಜ್ಯದ ಕರೆಂಟೆಲ್ಲ ಹೆಚ್ಚುಕಡಿಮೆ ಜಲಾಶಯದ್ದೇ ಆಗಿತ್ತು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ನಡೆಯತೊಡಗಿದ್ದೇ 1985ರಲ್ಲಿ. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. ಊರಿಗೆ ಊರೇ ಬೆಳಿಗ್ಗೆ ಆರರಿಂದ ಎಂಟರೊಳಗೆ ಗೀಸರ್ ಹಾಕಿದರೆ ಗತಿಯೇನು? ಲೆಕ್ಕ ಸರಳ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು ನಾಲ್ಕೂಮುಕ್ಕಾಲು ಯೂನಿಟ್ ಬೇಕು. ಅಷ್ಟೇ ತಣ್ಣೀರು ಬೆರೆಸಿದರೆ ಇಪ್ಪತ್ತು ಲೀಟರಿನ ಹತ್ತು ಬಕೆಟ್ ಸ್ನಾನದ ನೀರು; ಒಂದು ಮನೆಗೆ ಧಾರಾಳ. ಆ ನಾಲ್ಕೂಮುಕ್ಕಾಲು ಯೂನಿಟ್ಟನ್ನು ಹಿಂದಿನ ದಿನದ ಬಿಸಿಲಿನಿಂದಲೇ ಎತ್ತಿಟ್ಟರೆ ಬೆಳಗಿನ ನೂಕುನುಗ್ಗಲೇ ಇಲ್ಲ.

ಈ ಉಪಾಯ ಹೊಸದೇನಲ್ಲ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲೇ ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ಕಪ್ಪು ತೊಟ್ಟಿ ಕೂರಿಸಿ ಪೇಟೆಂಟ್ ಪಡೆದಿದ್ದ. ಸಂಜೆ ಬಿಸಿನೀರು ಸಿಗುತ್ತಿತ್ತು, ಬೆಳಗಾಗುವಷ್ಟರಲ್ಲಿ ಆರುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಲಿ ಕಾಯಿಸುವ ಪೆಟ್ಟಿಗೆಯನ್ನೂ ತೊಟ್ಟಿಯನ್ನೂ ಬೇರೆ ಮಾಡಿ, ತೊಟ್ಟಿಗೆ ಬೆಚ್ಚನೆಯ ಹೊದಿಕೆ ಹೊದಿಸಿ ಎತ್ತರದಲ್ಲಿಟ್ಟ. ಕಾದ ನೀರು ಹಗುರ, ತಾನಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಇವತ್ತು ನಾವು ಸೋಲಾರ್ ಎಂದು ಕೂರಿಸುವುದು ಅದನ್ನೇ. ಆದರೆ 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೈಸರ್ಗಿಕ ಅನಿಲ ಅಗ್ಗವಾಗಿ ಸಿಕ್ಕಿದ್ದೇ ತಡ, ಅಲ್ಲಿನವರು ಬೇಲಿಯ ಪೆಟ್ಟಿಗೆಯನ್ನು ಮರೆತರು. 1973ರಲ್ಲಿ ಎಣ್ಣೆ ಬೆಲೆ ಗಗನಕ್ಕೇರಿದಾಗ ಲೋಕಕ್ಕೆಲ್ಲ ಸೂರ್ಯ ಮತ್ತೆ ನೆನಪಾದ.

ಬೆಂಗಳೂರಿಗೆ ಈ ವಿದ್ಯೆ ಒಗ್ಗಿದ್ದಕ್ಕೆ ಕಾರಣ ಬರೀ ಬಿಸಿಲಲ್ಲ. ಬಿಸಿಲು ಬೇಕೆಂದರೆ ಕಲಬುರಗಿಯಲ್ಲಿ ಇನ್ನೂ ಹೆಚ್ಚಿದೆ. ಅಲ್ಲಿ ವರ್ಷದ ಬಹುಪಾಲು ನಲ್ಲಿ ನೀರೇ ಬೆಚ್ಚಗೆ ಬರುತ್ತದೆ. ಇಲ್ಲಿ ಹನ್ನೆರಡು ತಿಂಗಳೂ ಬೆಳಿಗ್ಗೆ ಬಿಸಿನೀರು ಬೇಕು, ಹಗಲು ಬಿಸಿಲಿದೆ, ಸಮತಟ್ಟು ತಾರಸಿಯಿದೆ, ಅದರ ಮೇಲೆ ಆಗಲೇ ನೀರಿನ ಟ್ಯಾಂಕಿದೆ. ತಾಮ್ರದ ಕೊಳವೆ ಬೆಸೆದು ಪ್ಯಾನೆಲ್ ಮಾಡಬಲ್ಲ ಕೈಗಳು ಇಲ್ಲಿನ ಸಣ್ಣ ವರ್ಕ್‌ಶಾಪುಗಳಲ್ಲೇ ಇದ್ದವು. ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸಾಲ ಕೊಟ್ಟವು. ಸೋಲಾರ್ ಹಾಕಿದ ಮನೆಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ ಬಂತು. 2007ರಲ್ಲಿ ಸರ್ಕಾರ ನಗರ, ಪಟ್ಟಣಗಳಲ್ಲಿ ನಿಗದಿತ ಅಳತೆಗಿಂತ ದೊಡ್ಡ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿತು.

ಹೊಸ ಮನೆಗೆ ಕೂರಿಸುವುದು ಅರ್ಧ ದಿನದ ಮಾತು. ಕಷ್ಟವೆಲ್ಲ ಹಳೆ ಮನೆಯದು. ಅಲ್ಲಿ ಪ್ಯಾನೆಲ್ಲಿಗಿಂತ ಪೈಪಿನದೇ ದೊಡ್ಡ ಕಥೆ. ಹಂಡೆಯ ಕಾಲದಲ್ಲಾಗಲಿ ಗೀಸರಿನ ಕಾಲದಲ್ಲಾಗಲಿ ತಾರಸಿಯಿಂದ ಬಿಸಿನೀರು ಇಳಿಸುವ ಪ್ರಸಂಗವೇ ಇರಲಿಲ್ಲವಲ್ಲ! ಹೊರಗೋಡೆಗೆ ಹೊಸ ಪೈಪು ಎಳೆಯಬೇಕು, ಶಾಖ ಸೋರದಂತೆ ಸುತ್ತಬೇಕು, ಬಚ್ಚಲ ಗೋಡೆ ಕೊರೆಯಬೇಕು. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಒಂದಡಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ನೀರೇ ಏರುವುದಿಲ್ಲ. ಹಳೆ ಸಿಮೆಂಟ್ ತೊಟ್ಟಿಗಳು ತಾರಸಿಗೇ ಅಂಟಿಕೊಂಡಿರುತ್ತಿದ್ದವು. ಇಟ್ಟಿಗೆ ಕಂಬ ಎಬ್ಬಿಸಿ ಹೊಸ ಟ್ಯಾಂಕ್ ಇಡಬೇಕಾಗುತ್ತಿತ್ತು. ಮರದ ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿದ ಮದ್ರಾಸ್ ತಾರಸಿಯ ಮನೆಯಾದರೆ ಭಾರದ ಚಿಂತೆ ಬೇರೆ. ಮರದ ತೊಲೆಯ ನಟ್ಟನಡುವೆ ಇಡುವಂತಿಲ್ಲ, ಕೆಳಗಿನ ಗೋಡೆ ಎಲ್ಲಿ ಬರುತ್ತದೆಂದು ಅಳೆದು ಸ್ಟ್ಯಾಂಡಿನ ಕಾಲನ್ನು ಅದರ ನೇರಕ್ಕೇ ಊರಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಬೇಕು, ಪಕ್ಕದ ಮನೆಯ ತೆಂಗಿನ ಮರದ ನೆರಳು ಬೀಳಬಾರದು. ಗಾಳಿ ಹೋಗುವ ಪೈಪು ಮರೆತರೆ ಏರ್ ಲಾಕ್ ಆಗಿ ನಲ್ಲಿ ಬರೀ ಬುಸ್ ಅನ್ನುತ್ತದೆ.

ಬಸವನಗುಡಿಯ ಅಂಥದೊಂದು ಮನೆಯಲ್ಲಿ ಕೆಲಸ ನಡೆದಿತ್ತು. ಮಗ ಗೀಸರಿನ ಬಿಲ್ಲಿಗೆ ಸೋತು ಸೋಲಾರಿಗೆ ಒಪ್ಪಿದ್ದರು. ತಾಯಿ ಬಾಗಿಲಲ್ಲೇ ನಿಂತು ತಡೆದರು.

“ಏನಪ್ಪಾ, ಹಂಡೇನ ತಾರಸಿ ಮೇಲೇರಿಸ್ತಿದೀಯ. ನೀರು ತುಂಬೋ ಹಬ್ಬದ ದಿನ ಅರಿಶಿನ ಕುಂಕುಮ ಎಲ್ಲಿಗೆ ಹಚ್ಚಲಿ? ಈ ವಯಸ್ಸಲ್ಲಿ ಏಣಿ ಹತ್ತಲಾ?”

“ಹಳೇ ಹಂಡೆ ಅಲ್ಲೇ ಇರಲಿ ಬಿಡಿ ಅಮ್ಮ. ಮೇಲಿನ ನೀರನ್ನ ಅದಕ್ಕೇ ಬೀಳಿಸ್ತೀನಿ” ಎಂದೆ.

ಹಾಗೇ ಮಾಡಿದೆವು. ಹಂಡೆಯ ಬಾಯಿಗೆ ಸರಿಯಾಗಿ ನಲ್ಲಿ ಕೂರಿಸಿದೆ. ದೀಪಾವಳಿಗೆ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಹೂ ಕಟ್ಟಿ, ಸಂಜೆ ಹೊಸ ನೀರು ತುಂಬಿ ಪೂಜೆ ಮಾಡುವುದಕ್ಕೆ ಅಡ್ಡಿಯಾಗಲಿಲ್ಲ. ನರಕ ಚತುರ್ದಶಿಯ ಎಣ್ಣೆಸ್ನಾನವೂ ಹೊಗೆಯಿಲ್ಲದೆ ಆಯಿತು. ನನಗೆ ಹೊಳೆದದ್ದು ಆಗ: ಸೋಲಾರ್ ಟ್ಯಾಂಕು ಗೀಸರಿನ ತಮ್ಮನಲ್ಲ, ಹಂಡೆಯ ಮೊಮ್ಮಗ. ಒಟ್ಟಿಗೆ ಕಾಯಿಸಿ, ಕೂಡಿಟ್ಟು, ಸರದಿಯಲ್ಲಿ ಹಂಚಿಕೊಳ್ಳುವ ಮನೆಗೇ ಅದು ಹೇಳಿಮಾಡಿಸಿದ್ದು. ರಾತ್ರಿಯೆಲ್ಲ ಪಾತ್ರೆಗೂ ಬಟ್ಟೆಗೂ ಬಿಸಿನೀರು ಬಿಟ್ಟು, ಬೆಳಿಗ್ಗೆ ತಣ್ಣಗಿದೆ ಎಂದು ಫೋನ್ ಮಾಡುವ ಮನೆಗೆ ಯಾವ ಕಂಪನಿಯ ಪ್ಯಾನೆಲ್ಲೂ ಒದಗದು.

ಆಮೇಲಿನ ಕಥೆ ನೀರಿನದು. ಕೊಳವೆಬಾವಿಯ ಗಡಸು ನೀರು ಪ್ಯಾನೆಲ್ಲಿನ ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿ ಹರಿವನ್ನೇ ನಿಲ್ಲಿಸಿತು. ಕಾವೇರಿ ನೀರು ಬಾರದ ಬಡಾವಣೆಗಳವರು ಅಗಲ ಬಾಯಿಯ ಗಾಜಿನ ಕೊಳವೆಯ ಸೋಲಾರಿಗೆ ತಿರುಗಿದರು. ಬೆಲೆಯೂ ಕಡಿಮೆ, ಒಡೆದರೆ ಒಂದು ಕೊಳವೆ ಬದಲಿಸಿದರೆ ಮುಗಿಯಿತು.

2023ರಲ್ಲಿ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಂದಾಗ ಹಳೆ ಲೆಕ್ಕ ಮತ್ತೆ ತಲೆಕೆಳಗಾಯಿತು. ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ದಾಟದಂತೆ ಉಚಿತ ಎಂದರು. ಸೋಲಾರಿನಲ್ಲಿ ಮಿಂದು ಕರೆಂಟು ಉಳಿಸಿದ ಮನೆಯ ಸರಾಸರಿ ಕಡಿಮೆ, ಆದ್ದರಿಂದ ಸಿಕ್ಕ ಉಚಿತವೂ ಕಡಿಮೆ. ಗೀಸರ್ ಉರಿಸಿದವರಿಗೆ ಹೆಚ್ಚು. ಕ್ಯಾಲಿಫೋರ್ನಿಯಾದ ಅಗ್ಗದ ಗ್ಯಾಸು ಮಾಡಿದ ಕೆಲಸವನ್ನೇ ಇದೂ ಮಾಡೀತು. ಕೆಟ್ಟ ಪ್ಯಾನೆಲ್ ರಿಪೇರಿ ಮಾಡಿಸದೆ ಗುಜರಿಗೆ ಹಾಕುವವರನ್ನು ಈಗಲೇ ನೋಡುತ್ತಿದ್ದೇನೆ.

ಉರುವಲಿನ ದರ ಇಳಿಯುತ್ತದೆ, ಮತ್ತೆ ಏರುತ್ತದೆ. ಅದಕ್ಕೇ ಹಳೆ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುವವರಿಗೆಲ್ಲ ನಾನು ಹೇಳುವುದು ಒಂದೇ: ಸೋಲಾರ್ ಈಗ ಬೇಡವೆಂದರೆ ಬೇಡ, ಗೋಡೆ ಒಡೆದಾಗಲೇ ತಾರಸಿಯವರೆಗೆ ಬಿಸಿನೀರಿನ ಪೈಪೊಂದನ್ನು ಎಳೆಸಿಬಿಡಿ. ಬಿಲ್ಲು ಕಚ್ಚತೊಡಗಿದ ವರ್ಷ ಪ್ಯಾನೆಲ್ ತರಬಹುದು. ಟೈಲ್ಸ್ ಒಡೆಯಲು ಆಗ ಯಾರೂ ಒಪ್ಪುವುದಿಲ್ಲ.