ಲಾಲನೆ ಮತ್ತು ಪಾಲನೆ: ಬೆಸೆಂಟ್ ನಗರದ ಶಿಶುಚರಿತ್ರೆಯ ಕೆಲವು ಪುಟಗಳು

'ಲಾಲನೆ ಪಾಲನೆ' ಎಂಬ ಜೋಡುನುಡಿಯನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಎರಡು ಪದಗಳೂ ಸಮಾನಾರ್ಥಕಗಳೆಂಬ ಭ್ರಮೆ ಇದರಿಂದ ಹುಟ್ಟಿದೆ. ಪಾಲನೆಯೆಂದರೆ ಕಾಪಾಡುವುದು, ಉಣಿಸಿ ಬೆಳೆಸುವುದು. ಲಾಲನೆಯೆಂದರೆ ಮುದ್ದಿಸುವುದು, ಆಡಿಸುವುದು, ಮಗುವಿನೊಡನೆ ಮಾತಿಗೆ ತೊಡಗುವುದು. ಬಡವರ ಮಕ್ಕಳ ವಿಷಯದಲ್ಲಿ ಸಂಸ್ಥೆಗಳೂ ಸರ್ಕಾರಗಳೂ ಈ ಜೋಡಿಯನ್ನು ಬಿಡಿಸಿ, ಒಮ್ಮೆ ಒಂದನ್ನು ಒಮ್ಮೆ ಇನ್ನೊಂದನ್ನು ಕೈಗೆತ್ತಿಕೊಂಡದ್ದರ ಚರಿತ್ರೆಯನ್ನು ಚೆನ್ನೈಯ ಒಂದೇ ಬಡಾವಣೆಯ ಸುತ್ತಮುತ್ತ ಓದಬಹುದು ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಆ ಬಡಾವಣೆ ಬೆಸೆಂಟ್ ನಗರ. ಅಡ್ಯಾರ್ ನದಿ ಕಡಲನ್ನು ಸೇರುವಲ್ಲಿಂದ ತೆಂಕಣಕ್ಕೆ, ಥಿಯೊಸಾಫಿಕಲ್ ಸೊಸೈಟಿಯ ವಿಶಾಲವಾದ ತೋಪಿಗೆ ಹೊಂದಿಕೊಂಡಂತೆ ಇದು ಇದೆ. ಸೊಸೈಟಿಯು ಅಡ್ಯಾರಿಗೆ ಬಂದುದು 1882ರಲ್ಲಿ. ಗೃಹಮಂಡಳಿಯ ಮನೆಗಳು ಎದ್ದು ಬಡಾವಣೆಗೆ ಆನಿ ಬೆಸೆಂಟರ ಹೆಸರು ಬಂದುದು ತೀರ ಈಚೆಗೆ. ಅದಕ್ಕೂ ಮೊದಲು ಅಲ್ಲಿದ್ದುದು ಊರೂರು ಎಂಬ ಹಳ್ಳಿ ಮತ್ತು ಬೆಸ್ತರ ಕುಪ್ಪ. ಕುಪ್ಪ ಇಂದಿಗೂ ಇದೆ. ಅದರ ಹೆಸರಿನಲ್ಲಿಯೇ ಚರಿತ್ರೆಯ ಒಂದು ಪದರ ಅಂಟಿಕೊಂಡಿದೆ: ಊರೂರು ಆಲ್ಕಾಟ್ ಕುಪ್ಪಂ.

ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ 1894ರಲ್ಲಿ ಪಂಚಮರ ಮಕ್ಕಳಿಗಾಗಿ ಇಲ್ಲಿ ಶುಲ್ಕವಿಲ್ಲದ ಶಾಲೆಯೊಂದನ್ನು ತೆರೆದರು. ಅದೇ ಇಂದಿನ ಆಲ್ಕಾಟ್ ಸ್ಮಾರಕ ಶಾಲೆ. ಅದರ ಬೆನ್ನಿಗೇ ಮದರಾಸಿನ ಬೇರೆ ಬೇರೆ ಕಡೆಗಳಲ್ಲಿ ಅಂಥವೇ ಶಾಲೆಗಳು ಹುಟ್ಟಿಕೊಂಡವು. ಅಮೆರಿಕದಿಂದ ಬಂದ ಶಿಕ್ಷಕಿಯರು ಕಿಂಡರ್‌ಗಾರ್ಟನ್ ಕ್ರಮವನ್ನು, ಅಂದರೆ ಆಟ, ಹಾಡು ಮತ್ತು ಕೈಗೆಲಸಗಳ ಮೂಲಕ ಕಲಿಸುವ ವಿಧಾನವನ್ನು, ಈ ಶಾಲೆಗಳಿಗೆ ತಂದರು. ಅಕ್ಷರದ ಹೊಸ್ತಿಲನ್ನೇ ಮುಟ್ಟಗೊಡದಿದ್ದ ಸಮಾಜದ ನಡುವೆ, ಆ ಕಾಲಕ್ಕೆ ಹೊಸದಾಗಿದ್ದ ಶಿಶುಶಿಕ್ಷಣ ಪದ್ಧತಿ ಮೊದಲು ದಕ್ಕಿದ್ದು ಆ ಸಮಾಜದ ಅಂಚಿನ ಮಕ್ಕಳಿಗೆ ಎಂಬುದು ಅಲ್ಪ ಸಂಗತಿಯಲ್ಲ.

ಅಂದಿನ ದಕ್ಷಿಣ ಕನ್ನಡವೂ ಮದರಾಸು ಪ್ರಾಂತಕ್ಕೇ ಸೇರಿತ್ತಷ್ಟೆ. ಅದೇ ದಶಕದಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಇದೇ ಕೆಲಸಕ್ಕೆ ಕೈಹಾಕಿದ್ದರು. 1897ರಲ್ಲಿ ಅವರ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾಯಿತು. ಶಾಲೆಗೆ ಬಂದ ದಲಿತ ಮಕ್ಕಳಿಗೆ ರಂಗರಾಯರು ಮಧ್ಯಾಹ್ನದ ಊಟವನ್ನೂ ದಿನಕ್ಕಿಷ್ಟೆಂದು ಪುಡಿಗಾಸನ್ನೂ ಕೊಡುತ್ತಿದ್ದರು. ಹಸಿದ ಮಗು ಪಾಠ ಕೇಳಲಾರದು, ಮಗುವಿನ ದಿನಗೂಲಿ ತಪ್ಪಿದರೆ ಮನೆಯವರು ಅದನ್ನು ಶಾಲೆಗೆ ಕಳುಹಿಸಲಾರರು ಎಂಬ ಎರಡು ಸತ್ಯಗಳನ್ನೂ ಅವರು ಯಾವ ಸಮೀಕ್ಷೆಯ ನೆರವೂ ಇಲ್ಲದೆ ಗ್ರಹಿಸಿದ್ದರು. (ರಂಗರಾಯರ ಮಗಳು ರಾಧಾಬಾಯಿ ಮುಂದೆ ಮದರಾಸು ಪ್ರಾಂತದ ಪ್ರಧಾನಿಯಾದ ಪಿ. ಸುಬ್ಬರಾಯನ್ ಅವರನ್ನು ವರಿಸಿ, ತಾವೂ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. ಈ ಎರಡು ನಗರಗಳ ನಂಟನ್ನು ನಮ್ಮ ಚರಿತ್ರಕಾರರು ಇನ್ನೂ ಸಾಕಷ್ಟು ಗಮನಿಸಿಲ್ಲ.)

ಆಲ್ಕಾಟ್ 1907ರಲ್ಲಿ ತೀರಿಕೊಂಡರು. ಸೊಸೈಟಿಯ ಅಧ್ಯಕ್ಷತೆ ಆನಿ ಬೆಸೆಂಟರಿಗೆ ಬಂದಿತು. 1909ರಲ್ಲಿ ಅವರು 'ಇಂಡಿಯನ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ದಲಿತ ಮಕ್ಕಳಿಗೆ ಶುಚಿತ್ವ, ಒಳ್ಳೆಯ ಆಹಾರ, ಪ್ರಾಥಮಿಕ ವಿದ್ಯೆ ಇವು ಸಲ್ಲಬೇಕೆಂದು ಅವರು ಅಲ್ಲಿ ವಾದಿಸುತ್ತಾರೆ. ಅದೇ ಉಸಿರಿನಲ್ಲಿ, ತಲೆಮಾರುಗಳ ಆಹಾರದಿಂದ ಈ ಮಕ್ಕಳ ಮೈ ಹದಗೆಟ್ಟಿದೆಯಾದ್ದರಿಂದ ಮೇಲ್ಜಾತಿಯ ಮಕ್ಕಳೊಡನೆ ಅವರನ್ನು ಕೂಡಿಸಬಾರದು ಎನ್ನುತ್ತಾರೆ. ಡಾ. ಅಂಬೇಡ್ಕರ್ 1945ರ ತಮ್ಮ ಗ್ರಂಥದಲ್ಲಿ ಈ ಲೇಖನವನ್ನು ದೀರ್ಘವಾಗಿ ಉದ್ಧರಿಸಿದ್ದಾರೆ. ಆಹಾರವು ಹಕ್ಕಾಗದೆ ಶುದ್ಧೀಕರಣದ ಉಪಕರಣವಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಸೆಂಟರ ಇತರ ಸೇವೆಗಳನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಅವರ ಹೆಸರಿನ ಬಡಾವಣೆಯಲ್ಲಿಯೇ ಆಲ್ಕಾಟರ ಶಾಲೆ ನಿಂತಿರುವಾಗ ಈ ಪುಟವನ್ನು ಮಗುಚಿಹಾಕಿ ಮುಂದೆ ಹೋಗುವುದು ಪ್ರಾಮಾಣಿಕತೆಯಾಗಲಾರದು.

ಧಾನ್ಯಕ್ಕೂ ಜಾತಿಗೂ ಗಂಟುಹಾಕುವ ಈ ಬುದ್ಧಿ ಹೊಸದೇನೂ ಅಲ್ಲ. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ಭತ್ತವು ರಾಗಿಯನ್ನು ಹೀಗಳೆಯುವುದು ಇದೇ ತರ್ಕದಿಂದ. ಅಲ್ಲಿ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸುತ್ತಾನೆ. ಕೆಡದೆ ಉಳಿದದ್ದು ನರೆದಲೆಗ, ಎಂದರೆ ರಾಗಿ. ಹದಿನಾರನೆಯ ಶತಮಾನದ ಕವಿಯ ತೀರ್ಪನ್ನು ಇಪ್ಪತ್ತನೆಯ ಶತಮಾನದ ಪ್ರಯೋಗಾಲಯಗಳು ಬೇರೆ ದಾರಿಯಿಂದ ಬಂದು ಎತ್ತಿಹಿಡಿದವು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಅಕ್ಕಿ ಇದರ ಹತ್ತಿರಕ್ಕೂ ಬಾರದು.

ನಮ್ಮ ಪ್ರಾಚೀನರು ಲಾಲನೆಯನ್ನು ಕಡೆಗಣಿಸಿದ್ದರೆ? ದೇವೇಂದ್ರಮುನಿಯ 'ಬಾಲಗ್ರಹಚಿಕಿತ್ಸೆ'ಯಂತಹ ಶಾಸ್ತ್ರಗ್ರಂಥಗಳು ಮಗುವಿನ ರೋಗವನ್ನು ಕುರಿತವು. ಆಟ ಮಾತುಗಳ ವಿಚಾರಕ್ಕೆ ಕಾವ್ಯಗಳತ್ತ ತಿರುಗಬೇಕು. ಆದಿನಾಥನು ತನ್ನ ಹೆಣ್ಣುಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕೆಯನ್ನೂ ಕಲಿಸಿದ ಪ್ರಸಂಗವನ್ನು ಪಂಪನ 'ಆದಿಪುರಾಣ'ದ ಓದುಗರು ಬಲ್ಲರು. ತಂದೆಯೇ ಮೊದಲ ಗುರುವಾಗುವ ಈ ಚಿತ್ರ ಅರಮನೆಯದು, ನಿಜ. ಆದರೆ ಗುಡಿಸಲಿನ ಜೋಗುಳಕ್ಕೆ ಯಾವ ಅರಮನೆಯ ಹಂಗೂ ಇರಲಿಲ್ಲ.

ಮದರಾಸಿಗೆ ಮರಳೋಣ. ನಗರಸಭೆಯು 1920ರಲ್ಲಿ, ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಭಾಗದ ತನ್ನ ಶಾಲೆಯ ಮಕ್ಕಳಿಗೆ ತಲೆಗೆ ಒಂದಾಣೆ ಮೀರದ ವೆಚ್ಚದಲ್ಲಿ ಉಪಾಹಾರ ಕೊಡಲು ನಿರ್ಣಯಿಸಿತು. ಕೆಲವೇ ವರ್ಷಗಳಲ್ಲಿ ಹಣದ ತಗಾದೆಯಿಂದ ಅದು ನಿಂತಿತು. ಆದರೂ ಕಾಮರಾಜರ 1956ರ ಯೋಜನೆಗೂ ಎಂ.ಜಿ. ರಾಮಚಂದ್ರನ್ ಅವರ 1982ರ ಪೌಷ್ಟಿಕ ಭೋಜನಕ್ಕೂ ಇದೇ ಬೀಜ.

1939ರ ನವೆಂಬರಿನಲ್ಲಿ ಅಡ್ಯಾರಿಗೆ ಮರಿಯಾ ಮಾಂಟೆಸ್ಸರಿ ಬಂದರು. ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿದೇವಿ ದಂಪತಿಗಳು ಅವರನ್ನು ಆಹ್ವಾನಿಸಿದ್ದರು. ಆಲ್ಕಾಟ್ ಗಾರ್ಡನ್ಸ್‌ನಲ್ಲಿ ಗರಿಗಳ ಚಪ್ಪರದ ಕೆಳಗೆ ಸುಮಾರು 300 ಮಂದಿ ಶಿಕ್ಷಕ ಶಿಕ್ಷಕಿಯರು ಅವರ ಉಪನ್ಯಾಸಗಳನ್ನು ಕೇಳಿದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಅವರು ಶತ್ರುದೇಶದ ಪ್ರಜೆಯಾದರು; ಮಗ ಮಾರಿಯೊ ಅವರನ್ನು ಬಂಧನದಲ್ಲಿರಿಸಿ, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ, 1940ರ ಆಗಸ್ಟ್ 31ರಂದು, ಬಿಡುಗಡೆ ಮಾಡಲಾಯಿತು. ಕೆಲವು ತಿಂಗಳಿಗೆಂದು ಬಂದವರು ಯುದ್ಧ ಮುಗಿಯುವ ತನಕ ಇಲ್ಲಿಯೇ ಉಳಿಯಬೇಕಾಯಿತು. ಈ ಒತ್ತಾಯದ ವಾಸವೇ ಮೂರು ವರ್ಷದೊಳಗಿನ ಶಿಶುವಿನ ಕಡೆಗೆ ಅವರ ಗಮನವನ್ನು ತಿರುಗಿಸಿತು. ಅಡ್ಯಾರಿನಿಂದಲೇ 1949ರಲ್ಲಿ ಪ್ರಕಟವಾದ 'ದಿ ಅಬ್ಸಾರ್ಬೆಂಟ್ ಮೈಂಡ್' ಗ್ರಂಥದಲ್ಲಿ ಮಗುವನ್ನು ಹೊತ್ತುಕೊಂಡೇ ಪೇಟೆಗೂ ಕೆಲಸಕ್ಕೂ ಹೋಗುವ ತಾಯಿಯ ಚಿತ್ರವಿದೆ. ಆ ತಾಯಿ ಪಾಠ ಹೇಳುತ್ತಿಲ್ಲ. ಆದರೆ ಅವಳ ಚೌಕಾಸಿ, ಹರಟೆ, ಜಗಳ ಎಲ್ಲವೂ ಮಗುವಿನ ಕಿವಿಗೆ ಬೀಳುತ್ತಿವೆ, ನುಡಿ ಅಲ್ಲಿಯೇ ಮೊಳೆಯುತ್ತದೆ ಎಂಬುದು ಅವರ ಕಾಣ್ಕೆ. ಮೀನಿನ ಬುಟ್ಟಿ ಹೊತ್ತ ಕುಪ್ಪದ ಹೆಂಗಸರ ಕಂಕುಳಲ್ಲಿ ಇದೇ ಪಾಠಶಾಲೆ ನಿತ್ಯವೂ ನಡೆಯುತ್ತಿತ್ತೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ.

ಮಾಂಟೆಸ್ಸರಿಯವರ ಮೊದಲ ಶಿಶುಗೃಹ 1907ರಲ್ಲಿ ತೆರೆದುದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ದುಡಿಯಲು ಹೋದ ತಂದೆತಾಯಿಯರ ಮಕ್ಕಳು ಅಲ್ಲಿದ್ದರು. ಹಾಗೆ ಹುಟ್ಟಿದ ಪದ್ಧತಿ ಭಾರತದ ನಗರಗಳಲ್ಲಿ ಶುಲ್ಕ ತೆರಬಲ್ಲವರ ಸೊತ್ತಾಯಿತು. 'ಮಾಂಟೆಸ್ಸರಿ' ಎಂಬುದು ಇಂಗ್ಲಿಷ್ ಶಾಲೆಯ ಮೊದಲ ಮೆಟ್ಟಿಲಿನ ಹೆಸರಾಯಿತು. ಇನ್ನೊಂದೆಡೆ ಬಡವರ ಮಕ್ಕಳಿಗೆ ಅನ್ನದ ಯೋಜನೆಗಳು ಬಂದವು. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ತಮಿಳುನಾಡಿನ ಹಳ್ಳಿಗಳಲ್ಲಿ ಆರಂಭವಾದ ಪೋಷಣಾ ಯೋಜನೆ ಆರು ತಿಂಗಳಿಂದ ಮೂರು ವರ್ಷದ ಮಕ್ಕಳನ್ನು ತಿಂಗಳು ತಿಂಗಳೂ ತೂಗಿ, ತೂಕ ಏರದವರಿಗೆ ಮಾತ್ರ ಪೌಷ್ಟಿಕ ಉಂಡೆ ಕೊಟ್ಟಿತು. ತೀವ್ರ ಅಪೌಷ್ಟಿಕತೆ ಗಣನೀಯವಾಗಿ ಇಳಿಯಿತು. ಆದರೆ ಆ ಮೊದಲ ಘಟ್ಟದಲ್ಲಿ ಆಟಕ್ಕೆ, ಶಾಲಾಪೂರ್ವ ಶಿಕ್ಷಣಕ್ಕೆ ಸ್ಥಾನವಿರಲಿಲ್ಲ. ಒಂದೇ ಊರಿನಲ್ಲಿ ಆಟ ಒಬ್ಬರ ಮಕ್ಕಳಿಗೆ, ಅನ್ನ ಇನ್ನೊಬ್ಬರ ಮಕ್ಕಳಿಗೆ ಎಂಬ ಹಂಚಿಕೆ ಯಾರೂ ಬರೆದಿಡದೆಯೇ ನಡೆದುಹೋಯಿತು.

ಎರಡನ್ನೂ ಕೂಡಿಸಬೇಕೆಂದು ಹೇಳಿದವರಿರಲಿಲ್ಲವೆಂದಲ್ಲ. ಮುಂದೆ ಚೆನ್ನೈಯಲ್ಲಿ ನೆಲೆಸಿ, ಬೆಸೆಂಟ್ ನಗರಕ್ಕೆ ದೂರವಲ್ಲದ ತರಮಣಿಯ ಸಂಶೋಧನ ಪ್ರತಿಷ್ಠಾನದಲ್ಲಿ ದುಡಿದ ಮೀನಾ ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ಅಧ್ಯಯನ ಮಂಡಲಿ 1972ರ ವರದಿಯಲ್ಲಿ ಆರೋಗ್ಯ, ಆಹಾರ, ಶಿಕ್ಷಣಗಳು ಶಿಶುವಿನ ಮಟ್ಟಿಗೆ ಬೇರ್ಪಡಿಸಲಾಗದವು ಎಂದು ಪ್ರತಿಪಾದಿಸಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿಯೆಂಬ ಹೆಸರಿನಲ್ಲಿಯೇ ಅಂಗಳವಿದೆ, ಆಟವಿದೆ. ಆದರೆ ಯೋಜನೆಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರ ಪಾಲಿಗೆ ಬಂದುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರದ ಪೊಟ್ಟಣ.

ಈ ಬೇರ್ಪಡಿಕೆಯ ಬೆಲೆಯೆಷ್ಟು ಎಂಬುದನ್ನು ತೋರಿಸಿದ ಪ್ರಯೋಗ ಜಮೈಕಾದ್ದು. ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, 9ರಿಂದ 24 ತಿಂಗಳಿನ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಅವರ ಸಹೋದ್ಯೋಗಿಗಳು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯ ಆಹಾರ. ಇನ್ನೊಂದಕ್ಕೆ ವಾರಕ್ಕೊಮ್ಮೆ ಮನೆಗೆ ಬಂದು, ಮನೆಯಲ್ಲಿಯೇ ಮಾಡಿದ ಆಟಿಕೆಗಳಿಂದ ತಾಯಿಗೂ ಮಗುವಿಗೂ ಆಟ ಹೇಳಿಕೊಡುವ ಕಾರ್ಯಕರ್ತೆ. ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಎರಡು ವರ್ಷಗಳ ಬಳಿಕ, 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಹಾರವೂ ಆಟವೂ ಬೇರೆಬೇರೆಯಾಗಿ ಬುದ್ಧಿಯ ಬೆಳವಣಿಗೆಗೆ ಒದಗಿದ್ದವು; ಎರಡೂ ಕೂಡಿದ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಕಾಲಕ್ರಮದಲ್ಲಿ ಆಹಾರದ ಲಾಭ ಮಾಸಿತು, ಆಟದ ಲಾಭ ಉಳಿಯಿತು. ಆ ಮಕ್ಕಳಿಗೆ 22 ವರ್ಷವಾದಾಗ ಆಟದ ಗುಂಪಿನವರ ಗಳಿಕೆ ಶೇಕಡಾ 25ರಷ್ಟು ಹೆಚ್ಚಿತ್ತೆಂದು 2014ರ ಲೇಖನ ತಿಳಿಸುತ್ತದೆ.

ಇದರಿಂದ ಅನ್ನವನ್ನು ಹಗುರಾಗಿ ಕಾಣುವುದು ಅವಿವೇಕ. ಗ್ವಾಟೆಮಾಲದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ನಡೆದ ಪ್ರಯೋಗದಲ್ಲಿ, ಮೊದಲ ಎರಡು ವರ್ಷಗಳಲ್ಲಿ ಪೌಷ್ಟಿಕ ಗಂಜಿ ಉಂಡ ಗಂಡುಮಕ್ಕಳು ದೊಡ್ಡವರಾದ ಮೇಲೆ ಗಂಟೆಗೆ ಶೇಕಡಾ 46ರಷ್ಟು ಹೆಚ್ಚು ಕೂಲಿ ಗಳಿಸುತ್ತಿದ್ದರು. ಅನ್ನ ಮೈಯನ್ನು ಮಾತ್ರ ಕಟ್ಟುವುದಲ್ಲ. ಅದು ಹೊತ್ತಿಗೆ ಬರಬೇಕು, ಅಷ್ಟೆ.

ಹೊತ್ತಿಗೆ ಬರುವ ಅನ್ನದ ವಿದ್ಯೆ ನಮ್ಮ ಮನೆಗಳಲ್ಲಿ ಇತ್ತು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ ಸರಿಹಿಟ್ಟನ್ನು ನೆನೆಯಿರಿ. ಮೊಳಕೆಯೊಡೆದಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗಟ್ಟಿಯಾಗದು. ಮಗುವಿನ ಪುಟ್ಟ ಹೊಟ್ಟೆಯಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆಯ ರಾಗಿ ಹಾಗೂ ಹೆಸರುಕಾಳಿನಿಂದ ಶಿಶು ಆಹಾರವನ್ನು ರೂಪಿಸಿ, ಅಜ್ಜಿಯರ ಈ ವಿದ್ಯೆಗೆ ಶಾಸ್ತ್ರದ ಮಾತು ಕೊಟ್ಟರು. ಬೆಸೆಂಟ್ ನಗರದ ಕಡಲತಡಿಯ ಕುಪ್ಪದಲ್ಲಿಯೂ ಕೇಳ್ವರಗಿನ ಕೂೞ್ ಅಪರಿಚಿತವಲ್ಲ. ಹಳಗನ್ನಡದಲ್ಲಿ ಕೂೞ್ ಎಂದರೆ ಅನ್ನ, ಆಹಾರ, ಗೌರವದ ಮಾತು. ತಮಿಳಿನಲ್ಲಿ ಅದು ಬಡವರ ಅಂಬಲಿಯಾಯಿತು, ಹೊಸಗನ್ನಡದಲ್ಲಿ 'ದಂಡಪಿಂಡದ ಕೂಳು' ಎಂಬ ಬೈಗುಳವಾಯಿತು. ಪದದ ಇಳಿತದಲ್ಲಿ ಧಾನ್ಯದ ಇಳಿತವೂ ಕಾಣುತ್ತದೆ.

ಒಂದು ಸಂಜೆ ಆ ಕುಪ್ಪದ ಓಣಿಯಲ್ಲಿ ಅಜ್ಜಿಯೊಬ್ಬಳು ಮಗುವಿಗೆ ಉಣಿಸುತ್ತಿದ್ದುದನ್ನು ಕಂಡೆ. ಪ್ರತಿ ತುತ್ತಿಗೂ ಒಂದು ಕಾಗೆ, ಒಂದು ದೋಣಿ, ಆಗತಾನೆ ಏರುತ್ತಿದ್ದ ಚಂದ್ರ. ಮಗು 'ಅದೋ' ಎಂದು ಬೆರಳು ತೋರಿದಾಗಲೆಲ್ಲ ಅವಳು ಕೈ ತಡೆದು ಉತ್ತರ ಹೇಳಿ, ಆಮೇಲೆ ತುತ್ತಿಡುತ್ತಿದ್ದಳು. ಅರ್ಧ ಗಂಟೆಯೇ ಹಿಡಿದಿರಬೇಕು. ನಮ್ಮ ಕೈತುತ್ತಿನಲ್ಲಿ ಲಾಲನೆ ಪಾಲನೆಗಳು ಎರಡಾಗಿರಲೇ ಇಲ್ಲ. ಬಡತನ ಮೊದಲು ಕಸಿಯುವುದು ಆ ಅರ್ಧ ಗಂಟೆಯನ್ನು. ನಸುಕಿನಲ್ಲಿ ಮೀನಿನ ಹರಾಜಿಗೋ, ಎದುರು ಬೀದಿಯ ಮನೆಗಳ ಪಾತ್ರೆ ತೊಳೆಯಲೋ ಹೋಗುವ ತಾಯಿಗೆ ಮಗುವಿನೊಡನೆ ಮಾತಾಡಬೇಕೆಂದು ಬೋಧಿಸುವುದು ಸುಲಭ. ಅಜ್ಜಿಯಿಲ್ಲದ ಮನೆಯಲ್ಲಿ ಆ ಹೊತ್ತನ್ನು ಯಾರು ಕೊಡಬೇಕು ಎಂಬುದಕ್ಕೆ ಸಂಬಳದ ರಜೆ, ಶಿಶುಪಾಲನಾ ಗೃಹ, ಕಾರ್ಯಕರ್ತೆಯರ ಸಂಖ್ಯೆ ಇವುಗಳ ಭಾಷೆಯಲ್ಲಿ ಉತ್ತರಿಸಬೇಕು.

2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳು ತಮಿಳುನಾಡಿನಲ್ಲಿ ಶೇಕಡಾ 25, ಕರ್ನಾಟಕದಲ್ಲಿ ಶೇಕಡಾ 35.4. ರಾಗಿಯ ನಾಡಿನವರಾದ ನಾವು ಈ ಅಂಕಿಗಳನ್ನು ಸಂಕೋಚದಿಂದಲೇ ಓದಬೇಕು. ಮೂರು ವರ್ಷದೊಳಗಿನ ಮಕ್ಕಳ ಆಟ ಮಾತುಗಳಿಗಾಗಿ ಕೇಂದ್ರ ಸರ್ಕಾರ 'ನವಚೇತನ' ಎಂಬ ರಾಷ್ಟ್ರೀಯ ಚೌಕಟ್ಟನ್ನು ಪ್ರಕಟಿಸಿದ್ದು 2024ರಲ್ಲಿ, ಎಂದರೆ ನರಸೀಪುರದ ಮೊದಲ ಅಂಗನವಾಡಿಗಳು ತೆರೆದು ನಲವತ್ತೊಂಬತ್ತನೆಯ ವರ್ಷದಲ್ಲಿ. ಅದೇ ವರ್ಷ ಬೆಂಗಳೂರಿನ 250 ಅಂಗನವಾಡಿಗಳಿಗೆ ಕರ್ನಾಟಕ ಸರ್ಕಾರ 'ಸರ್ಕಾರಿ ಮಾಂಟೆಸ್ಸರಿ' ಎಂದು ಹೆಸರಿಟ್ಟಿತು. ಸ್ಯಾನ್ ಲೊರೆಂಜೊದಿಂದ ಹೊರಟು, ಅಡ್ಯಾರಿನ ಗರಿಚಪ್ಪರದಲ್ಲಿ ತಂಗಿ, ಉಳ್ಳವರ ಬೀದಿಗಳಲ್ಲಿ ಬಹುಕಾಲ ತಿರುಗಿದ ಹೆಸರು ಹೀಗೆ ಬಡವರ ಮಕ್ಕಳ ಬಾಗಿಲಿಗೆ ಬಂದು ನಿಂತಿದೆ. ಅಲ್ಲಿಯೂ ಒಳಗೆ ಬರಲು ಮಗುವಿಗೆ ಮೂರು ವರ್ಷ ತುಂಬಿರಬೇಕು.